ಭಾವ, ನೀವು ದಿಂಬು ತಗೊಳ್ಳಿ

ನನ್ನ ಬಾಮೈದನ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಆರಿಲ್ಲ. ಆರುವ ಹಾಗೆ ಕಂಡರೆ ನಾನೇ ಕೂತು ಊದಿ ಊದಿ ಮತ್ತೆ ಹೊತ್ತಿಸಿಕೊಳ್ಳುತ್ತೇನೆ. ಅಂಥ ಸಿಟ್ಟು ಅದು.

ಅವನು ಮಾಡಿದ ಅಪರಾಧ ಕೇಳಿ. ಹೆಂಡತಿಯ ತಮ್ಮನಲ್ಲವೇ, ಮನೆ ಬದಲಾಯಿಸುತ್ತಿದ್ದಾನಲ್ಲ, ಒಂದು ಕೈ ಹೆಚ್ಚಾದರೆ ಕೆಲಸ ಸಲೀಸು ಅಂತ ಅಂಗಡಿಗೆ ಬೀಗ ಹಾಕಿ ಹೋದೆ. ಅವರ ಕಬ್ಬಿಣದ ಬೀರು ಮೆಟ್ಟಿಲ ಬಳಿ ನಿಂತಿತ್ತು. ತೋಳು ಮಡಿಚಿದೆ, ಕಾಲು ಅಗಲಿಸಿದೆ, ಬೀರುವಿನ ಬುಡಕ್ಕೆ ಕೈ ಹಾಕಿದೆ. ಲಾರಿಯವರು, ಎದುರುಮನೆಯವರು, ಮನೆ ಮಾಲೀಕ, ಮಾಲೀಕನ ಅತ್ತೆ, ಎಲ್ಲರೂ ನೋಡುತ್ತಿದ್ದರು. ಅಷ್ಟು ಜನರ ಎದುರಿಗೆ ಆ ಮಹಾನುಭಾವ ಓಡಿಬಂದು, ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, "ಭಾವ, ನೀವು ದಿಂಬು ತಗೊಳ್ಳಿ" ಅಂದ.

ದಿಂಬು!

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಬೈಯುವುದರಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ಆದರೆ ಅವನು ಹೇಳಿದ್ದು ಅಕ್ಕರೆಯಿಂದ, ಹಣ್ಣು ಮುದುಕನನ್ನು ರಸ್ತೆ ದಾಟಿಸುವವರ ದನಿಯಲ್ಲಿ. ಅದಕ್ಕೆ ಏನಂತ ಬೈಯಲಿ? ಎರಡು ಕಂಕುಳಿಗೆ ಎರಡು ದಿಂಬು ಸಿಕ್ಕಿಸಿಕೊಂಡು ಲಾರಿಯವರೆಗೆ ಒಬ್ಬನೇ ಮೆರವಣಿಗೆ ಹೋದೆ. ಅಂದಿನಿಂದ ಹೆಂಡತಿಯ ತವರಿನಲ್ಲಿ ನನ್ನ ಹೆಸರೇ ಹೋಯಿತು. ಉಳಿದದ್ದು "ದಿಂಬಿನ ಭಾವ".

ಬೇರೆ ಯಾರಿಗಾದರೂ ಈ ಮಾತು ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ನನ್ನ ಕಸುಬೇ ತೂಕ. ನಾನು ಓದಿದ್ದು ಹೆಚ್ಚಿಲ್ಲ, ಮೇಷ್ಟ್ರು ಬೆತ್ತ ಎತ್ತುವುದನ್ನು ಕಲಿಯುವ ಮೊದಲೇ ನಾನು ಶಾಲೆಯಿಂದ ಕಾಲು ಕಿತ್ತೆ. ಆದರೆ ಈ ಸುತ್ತಿನ ಹಳೇ ತಕ್ಕಡಿಗಳೆಲ್ಲ ಕೆಟ್ಟರೆ ಬರುವುದು ನನ್ನ ಹತ್ತಿರಕ್ಕೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾವ ವಸ್ತುವನ್ನಾದರೂ ಕೊಡಿ, ಕೈಯಲ್ಲಿ ಹಿಡಿದು ತೂಕ ಹೇಳುತ್ತೇನೆ. ತಕ್ಕಡಿ ನನ್ನ ಮಾತನ್ನು ಒಪ್ಪದಿದ್ದರೆ ತಕ್ಕಡಿಯನ್ನೇ ರಿಪೇರಿ ಮಾಡುತ್ತೇನೆ.

ತಕ್ಕಡಿಯ ಜೊತೆಗೆ ಕಬ್ಬಿಣದ ತೂಕದ ಬಟ್ಟುಗಳೂ ಬರುತ್ತವೆ. ಸವೆದವನ್ನು ಸರಿಮಾಡುವುದು ನನ್ನ ಕೆಲಸ, ಆಮೇಲೆ ಕರಿ ಬಣ್ಣ ಬಳಿದು ಒಣಗಿಸುವುದು ನನ್ನ ಹೆಂಡತಿಯ ಕೆಲಸ. (ಬಣ್ಣ ಕೈಗೆ ಮೆತ್ತಿತೆಂದು ಕೂಗಾಡುವುದು ಮತ್ತೆ ನನ್ನ ಕೆಲಸ.) ಪರೀಕ್ಷೆಗೆಂದು ನಮ್ಮದೇ ಆದ ಸಾಚಾ ಬಟ್ಟುಗಳು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತವೆ. ಬೆಂಚಿನ ಕೆಳಗೆ ಒಂದು ಗೋಣಿಚೀಲ. ಅದರ ಕಥೆ ಬೇರೆ. ಒಬ್ಬ ಸಗಟು ವ್ಯಾಪಾರಿ ತನ್ನ ಬಟ್ಟುಗಳ ಹೊಟ್ಟೆ ಕೊರೆಸಿ, ಕಬ್ಬಿಣ ತೆಗೆಸಿ, ಮರದ ಬಿರಡೆ ಬಡಿಸಿ, ಮೇಲೆ ಬಣ್ಣ ಬಳಿಸಿದ್ದ. ಮೈಮೇಲೆ ಇಪ್ಪತ್ತು ಕಿಲೋ ಅಂತ ಅಚ್ಚು, ಒಳಗೆ ಹದಿನಾಲ್ಕೂ ಇಲ್ಲ. ತಪಾಸಣೆಯವರು ಬರುತ್ತಾರೆಂದು ಹೆದರಿ ನಮ್ಮ ಅಂಗಡಿಯಲ್ಲಿ ಸುರಿದು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಗುಜರಿಗೆ ಹಾಕಬೇಕು ಹಾಕಬೇಕು ಅಂದುಕೊಂಡೇ ಕಾಲ ಹೋಯಿತು. ಆ ಚೀಲ ಕಾಲಿಗೆ ತಗುಲಿದಾಗಲೆಲ್ಲ ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ: "ನನ್ನ ಕೈಗೆ ಸುಳ್ಳು ತೂಕ ಕೊಟ್ಟು ದಕ್ಕಿಸಿಕೊಳ್ಳೋ ಗಂಡು ಇನ್ನೂ ಹುಟ್ಟಿಲ್ಲ!"

ಇಂಥವನಿಗೆ ದಿಂಬು.

ಒಂದು ಸಂಜೆ ಬಾಮೈದ ಮನೆಗೆ ಬಂದ.

"ಅಕ್ಕಾ, ಮತ್ತೆ ಮನೆ ಖಾಲಿ ಮಾಡ್ಬೇಕಂತೆ."

"ಯಾಕೋ? ಹೋಗಿ ಎಷ್ಟು ದಿನ ಆಯ್ತು?"

"ಮಾಲೀಕರಿಗೆ ಬೇಕಂತೆ." (ಇವನು ಕಾಲಿಟ್ಟ ಮನೆಗಳೆಲ್ಲ ಸ್ವಲ್ಪ ದಿನಕ್ಕೇ ಮಾಲೀಕರಿಗೆ ಬೇಕಾಗುತ್ತವೆ.) "ಬೇರೆ ಮನೆ ಸಿಗೋಕೆ ಇನ್ನೂ ಟೈಮಿದೆ. ಸಿಕ್ಕಾಗ ಹೇಳ್ತೀನಿ, ಭಾವನ್ನೂ ಕರ್ಕೊಂಡು ಬಾ. ದಿಂಬಿಗೆ ಒಬ್ಬರು ಬೇಕಾಗುತ್ತೆ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ತಾನಾಗಿ ಹಾರಿತು. ಅದೃಷ್ಟಕ್ಕೆ ಗೋಡೆಗೆ ಬಿತ್ತು.

"ನೋಡೋ! ಈ ಸಲ ಆ ಬೀರುವಿನ ಬುಡದ ಕಡೆ ಹಿಡಿಯೋನು ನಾನು. ನಾನೊಬ್ಬನೇ. ಲಾರಿಯವರು ಕೈ ಕಟ್ಟಿಕೊಂಡು ನಿಲ್ಲಲಿ!"

"ಭಾವ, ಸೊಂಟ ಹಿಡ್ಕೊಳ್ಳುತ್ತೆ."

"ಹಿಡ್ಕೊಂಡ್ರೆ ನನ್ನ ಸೊಂಟ. ಎತ್ತಿದ್ರೆ ಏನು ಮಾಡ್ತೀಯ, ಹೇಳು!"

ಬಾಮೈದ ಕಾಫಿ ಲೋಟ ಕೆಳಗಿಟ್ಟ. "ನೀವು ಎತ್ತಿ ಲಾರಿಗೆ ಹಾಕಿದ್ರೆ, ನಾನು ತಲೆ ಮೇಲೆ ದಿಂಬು ಹೊತ್ಕೊಂಡು ನಮ್ಮ ಬೀದಿ ಈ ತುದಿಯಿಂದ ಆ ತುದಿಗೆ ನಡೀತೀನಿ. ಎತ್ತದಿದ್ರೆ, ನಾನು ಎಲ್ಲಿ ನಿಂತು 'ದಿಂಬಿನ ಭಾವ' ಅಂತ ಕರೆದ್ರೂ ನೀವು 'ಓ' ಅನ್ನಬೇಕು. ಸಾಯೋತನಕ."

"ಆಗ್ಲಿ!" ಅಂದೆ. ಹೆಂಡತಿ ನಮ್ಮಿಬ್ಬರ ಮುಖವನ್ನೂ ನೋಡಿ, ಗೋಡೆಗೆ ಬಿದ್ದ ಸ್ಕ್ರೂಡ್ರೈವರ್ ಎತ್ತಿಟ್ಟು ಒಳಗೆ ಹೋದಳು.

ಮರುದಿನದಿಂದಲೇ ನನ್ನ ದೇಹದಾರ್ಢ್ಯ ಮಹಾಯಜ್ಞ ಶುರುವಾಯಿತು. ಜಿಮ್ಮು ಗಿಮ್ಮು ನನಗೇಕೆ? ಮನೆ ತುಂಬ ಕಬ್ಬಿಣ. ಬೆಳಿಗ್ಗೆ ಎದ್ದು, ಬೆಂಚಿನ ಮೇಲಿನ ಇಪ್ಪತ್ತು ಕಿಲೋದ ಎರಡು ಸಾಚಾ ಬಟ್ಟು ಹಿತ್ತಲಿಗೆ ತಂದುಕೊಂಡು ಎತ್ತಿದೆ, ಇಳಿಸಿದೆ. ಮೊದಮೊದಲು ಎಂಥ ಉತ್ಸಾಹ! ಮೈಯೆಲ್ಲ ನೋವು, ಆ ನೋವಿನಲ್ಲೂ ಒಂದು ಗತ್ತು. ಬಾಚಣಿಗೆ ಎತ್ತುವಾಗಲೂ "ಅಮ್ಮಾ" ಅನ್ನುವುದು, ಯಾರಾದರೂ "ಏನಾಯ್ತು?" ಅಂದರೆ "ಏನಿಲ್ಲ, ಕಸರತ್ತು" ಅನ್ನುವುದು.

ಆಮೇಲೆ ಬಂತು ನೋಡಿ ಬೇಜಾರು.

ಕಸರತ್ತಿನ ಬಗ್ಗೆ ಹೇಳುವವರೆಲ್ಲ ನೋವಿನ ಬಗ್ಗೆ ಹೇಳುತ್ತಾರೆ, ಬೆವರಿನ ಬಗ್ಗೆ ಹೇಳುತ್ತಾರೆ. ಈ ಬೇಜಾರಿನ ಬಗ್ಗೆ ಒಬ್ಬನಾದರೂ ಬಾಯಿ ಬಿಟ್ಟಿದ್ದಾನೆಯೇ? ಎತ್ತುವುದು, ಇಳಿಸುವುದು. ನಿನ್ನೆ ಎತ್ತಿದ್ದನ್ನೇ ಇವತ್ತು ಎತ್ತುವುದು. ಇಳಿಸುವುದೇ ಆದರೆ ಎತ್ತಿದ್ದು ಯಾತಕ್ಕೆ? ತಕ್ಕಡಿ ರಿಪೇರಿಯಲ್ಲಾದರೆ ಕೊನೆಗೆ ಮುಳ್ಳು ನೆಟ್ಟಗೆ ನಿಲ್ಲುತ್ತದೆ, ಗಿರಾಕಿ ತಲೆ ಆಡಿಸುತ್ತಾನೆ. ಇಲ್ಲಿ ಬಟ್ಟು ಇದ್ದ ಜಾಗದಲ್ಲೇ ಇರುತ್ತದೆ, ನಾನೂ ಇದ್ದ ಜಾಗದಲ್ಲೇ ಇರುತ್ತೇನೆ, ಹೊಟ್ಟೆಯೂ ಇದ್ದ ಜಾಗದಲ್ಲೇ ಇರುತ್ತದೆ. ಎತ್ತುತ್ತಾ ಎತ್ತುತ್ತಾ ಆಕಳಿಕೆ ಬರತೊಡಗಿತು. ಎರಡೂ ಕೈಯಲ್ಲಿ ಕಬ್ಬಿಣ ಹಿಡಿದವನು ಆಕಳಿಸುವಾಗ ಬಾಯಿಗೆ ಏನು ಅಡ್ಡ ಹಿಡಿಯಬೇಕು, ನೀವೇ ಹೇಳಿ.

"ಅಪ್ಪಾ, ಹಾಡು ಹಾಕ್ಕೊಂಡು ಮಾಡಿ, ಬೇಜಾರಾಗಲ್ಲ" ಎಂದಳು ಮಗಳು. ಕಾಲೇಜಿಗೆ ಹೋಗುತ್ತಾಳೆ, ಎಲ್ಲದಕ್ಕೂ ಅವಳ ಹತ್ತಿರ ಉಪಾಯವಿದೆ. ಹಾಡು ಹಾಕಿದೆ. ಒಳ್ಳೆಯ ಹಾಡು. ಕೇಳಲೆಂದು ಕೂತೆ. ಮುಗಿಯುವಷ್ಟರಲ್ಲಿ ತಿಂಡಿಯ ಹೊತ್ತಾಯಿತು.

"ಹಾಗಾದ್ರೆ ಕನ್ನಡಿ ಮುಂದೆ ಮಾಡಿ." ಕನ್ನಡಿ ತಂದಿಟ್ಟೆ. ಅದರೊಳಗಿಂದ ಒಬ್ಬ ಬೊಕ್ಕತಲೆಯವನು ಕೆಂಪು ಮುಖ ಮಾಡಿಕೊಂಡು ನನ್ನನ್ನೇ ಗುರಾಯಿಸಿದ. ನನಗೆ ಗುರಾಯಿಸಿದವರನ್ನು ಕಂಡರೆ ಆಗುವುದಿಲ್ಲ. ಜಗಳ ವಿಕೋಪಕ್ಕೆ ಹೋಗುವ ಮೊದಲು ಹೆಂಡತಿ ಕನ್ನಡಿ ಒಳಗೆ ತೆಗೆದುಕೊಂಡು ಹೋದಳು.

ಮಹಡಿ ಮೇಲೆ ಬಾಡಿಗೆಗಿರುವ ಮೇಷ್ಟ್ರು, "ಒಬ್ಬರೇ ಮಾಡಿದ್ರೆ ಹಾಗೇ ಆಗೋದು, ಜೊತೆ ಬೇಕು ಸ್ವಾಮಿ" ಎಂದು ತಾವೇ ಇಳಿದು ಬಂದರು. ಜೊತೆ ಚೆನ್ನಾಗಿಯೇ ಆಯಿತು. ಅವರೊಂದು ಬಟ್ಟಿನ ಮೇಲೆ ಕೂತರು, ನಾನೊಂದು ಬಟ್ಟಿನ ಮೇಲೆ ಕೂತೆ, ನೀರಿನ ಬಿಲ್ಲಿನಿಂದ ಹಿಡಿದು ದೇಶದ ಸ್ಥಿತಿಯವರೆಗೆ ಎತ್ತಬೇಕಾದ ವಿಷಯಗಳನ್ನೆಲ್ಲ ಎತ್ತಿದೆವು. ಬಟ್ಟು ಮಾತ್ರ ಎತ್ತಲಿಲ್ಲ.

ಕೊನೆಗೆ ನನಗೇ ಒಂದು ಉಪಾಯ ಹೊಳೆಯಿತು. ಸಿಟ್ಟೇ ನನ್ನ ಬಂಡವಾಳ, ಅದನ್ನೇ ಹೂಡಬೇಕು! ಅವಮಾನ ನೆನಪಾಗಲಿ ಅಂತ ಒಂದು ದಿಂಬನ್ನು ಕಣ್ಣೆದುರಿಗೇ ಇಟ್ಟುಕೊಂಡು ಎತ್ತಲು ನಿಂತೆ. ದಿಂಬನ್ನು ನೋಡಿದೆ. ಬಾಮೈದನ ಮುಖ ನೆನೆಸಿಕೊಂಡೆ. ಮತ್ತೆ ದಿಂಬನ್ನು ನೋಡಿದೆ. ಹೆಂಡತಿ ಬಂದು ಎಬ್ಬಿಸಿದಾಗ ಹೊತ್ತು ನೆತ್ತಿಗೆ ಬಂದಿತ್ತು, ಕೆನ್ನೆಯ ಮೇಲೆ ದಿಂಬಿನ ಹೊಲಿಗೆಯ ಗುರುತು ಮೂಡಿತ್ತು.

"ಸಾಕು! ಇನ್ನು ನಾನು ಈ ಸುಡುಗಾಡು ಬಟ್ಟು ಮುಟ್ಟಲ್ಲ!" ಎಂದು ಘೋಷಿಸಿದೆ.

"ಬೀರು?" ಎಂದಳು ಹೆಂಡತಿ.

"ಬೀರು ಬೆಂಕಿಗೆ ಬೀಳ್ಲಿ!"

ಕಸರತ್ತು ನಿಂತಿತು. ಮೈಯಲ್ಲಿ ಶಕ್ತಿ ಉಳಿಯತೊಡಗಿತು. ಉಳಿದ ಶಕ್ತಿ ಎಲ್ಲಿಗೆ ಹೋಗಬೇಕು? ಬಾಯಿಗೆ ಬಂತು. ತಕ್ಕಡಿಯನ್ನು ಉಲ್ಟಾ ಹಿಡಿದುಕೊಂಡು ಬಂದ ಗಿರಾಕಿಯನ್ನು ಬೈದೆ. ಕೂಗಿದ್ದಕ್ಕೆ ಕುಕ್ಕರನ್ನು ಬೈದೆ, ಕೂಗದೆ ಕೂತಿದ್ದಕ್ಕೆ ಪಕ್ಕದ ಮನೆಯ ಬೆಕ್ಕನ್ನು ಬೈದೆ. ಮೇಷ್ಟ್ರು ಮೆಟ್ಟಿಲಿಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇಳಿಯಲು ಶುರುಮಾಡಿದರು. ಮಗಳು ಗ್ರಂಥಾಲಯದಲ್ಲೇ ಓದುವುದು ಒಳ್ಳೆಯದು ಅಂದಳು. ಹೆಂಡತಿ ಮಾತ್ರ ಬೆಂಚಿನ ಹತ್ತಿರ ನಿಂತು, ಬ್ರಷ್ಷಿನಿಂದ ಯಾವುದೋ ಬಟ್ಟಿಗೆ ಕರಿ ಬಣ್ಣ ಬಳಿಯುತ್ತಾ ಯೋಚನೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳೇ ಬಂದು, "ರೀ, ಇವತ್ತೊಂದು ದಿನ ಎತ್ತಿ ನೋಡ್ರಿ. ಬಟ್ಟು ಹಿತ್ತಲಲ್ಲಿ ತಂದಿಟ್ಟಿದ್ದೀನಿ" ಅಂದಳು.

"ಆಗಲ್ಲ ಅಂದೆನಲ್ಲ!"

"ಒಂದೇ ಒಂದು ಸಲ. ಆಮೇಲೆ ನಾನು ಕೇಳಿದ್ರೆ ಕೇಳಿ."

ಗೊಣಗುತ್ತಾ ಹೋದೆ, ಬಗ್ಗಿದೆ, ಎತ್ತಿದೆ. ಏನಾಶ್ಚರ್ಯ! ಬಟ್ಟು ಸೊಂಟ ದಾಟಿತು, ಎದೆ ದಾಟಿತು, ತಲೆಯ ಮೇಲೆ ಹೋಗಿ ನಿಂತಿತು! ಇನ್ನೊಂದು ಕೈಯಲ್ಲಿ ಇನ್ನೊಂದು! ಇಳಿಸಿ ಅಚ್ಚು ನೋಡಿದೆ. ಇಪ್ಪತ್ತು. ಅದೇ ಕರಿ ಬಣ್ಣ, ಅದೇ ಹಿಡಿ.

ನನ್ನ ಜಾಗದಲ್ಲಿ ಯಾರೇ ಇದ್ದರೂ ಏನು ಅಂದುಕೊಳ್ಳುತ್ತಿದ್ದರು? ಕಬ್ಬಿಣ ಹಗುರಾಗುವುದುಂಟೇ? ಬಲ ಬಂದಿರುವುದು ನನಗೆ! ಇಷ್ಟು ದಿನ ಒಳಗೊಳಗೇ ಕೂಡಿದ ಶಕ್ತಿ ವಿಶ್ರಾಂತಿಯಲ್ಲಿ ಹದವಾಗಿ ಈಗ ಹೊರಗೆ ಬಂದಿದೆ. ಈ ಸಿದ್ಧಾಂತವನ್ನು ಮೇಷ್ಟ್ರಿಗೆ ವಿವರಿಸಿದೆ. ಅವರು ಚಪ್ಪಲಿ ಹಾಕಿಕೊಂಡು, "ಇರಬಹುದು, ಇರಬಹುದು" ಅಂದರು.

ಬೇಜಾರು ಎಲ್ಲಿ ಓಡಿತೋ! ದಿನಾ ಬೆಳಗಾಗುವುದನ್ನೇ ಕಾಯತೊಡಗಿದೆ. ಹೆಂಡತಿಯಂತೂ ಬಹಳ ಸಹಕಾರ ಕೊಟ್ಟಳು. ನಾನು ಏಳುವಷ್ಟರಲ್ಲಿ ಬಟ್ಟುಗಳು ಹಿತ್ತಲಲ್ಲಿ ಸಿದ್ಧ. ಮುಗಿದ ಮೇಲೆ, "ನೀವು ಸುಸ್ತಾಗಿರ್ತೀರಿ, ನಾನೇ ಒಳಗಿಡ್ತೀನಿ, ಸ್ನಾನಕ್ಕೆ ಹೋಗಿ" ಅನ್ನುತ್ತಿದ್ದಳು. ಗಂಡ ಬಲಶಾಲಿಯಾದರೆ ಹೆಂಡತಿಗೆ ಎಷ್ಟು ವಿನಯ ಬರುತ್ತದೆ ಎಂದು ಮೆಚ್ಚಿಕೊಂಡೆ. ಅಷ್ಟೇ ಅಲ್ಲ, ನನ್ನ ಗಾಳಿ ತಗುಲಿ ಅವಳೂ ಸ್ವಲ್ಪ ಗಟ್ಟಿಯಾಗಿದ್ದಳು. ಮೊದಲೆಲ್ಲ ಡಬ್ಬಿಯ ಮುಚ್ಚಳ ಬಿಗಿಯಾದರೆ ನನ್ನ ಹತ್ತಿರ ತರುತ್ತಿದ್ದವಳು ಈಗ ತಾನೇ ತಿರುಗಿಸುತ್ತಿದ್ದಳು. ಒಂದು ದಿನ ತುಂಬಿದ ಗ್ಯಾಸ್ ಸಿಲಿಂಡರನ್ನು ಚೀಲ ಎತ್ತಿದ ಹಾಗೆ ಎತ್ತಿ ಒಳಗೆ ತೆಗೆದುಕೊಂಡು ಹೋದಳು. "ನೋಡಿದೆಯಾ, ಸಹವಾಸ!" ಎಂದು ಮಗಳಿಗೆ ಹೇಳಿದೆ. ಮಗಳಿಗೆ ಯಾಕೋ ಕೆಮ್ಮು ಬಂತು.

ಬಾಮೈದನಿಗೆ ಮನೆ ಸಿಕ್ಕಿತು. ಸಾಮಾನು ಸಾಗಿಸುವ ದಿನ ನಾನು ತೋಳಿಲ್ಲದ ಬನಿಯನ್ ಹಾಕಿ ಹೊರಟೆ. ಅವನಿದ್ದದ್ದು ಎರಡನೇ ಮಹಡಿ. ಬೀರು ಕೋಣೆಯ ನಡುವೆ ನಿಂತಿತ್ತು. ಲಾರಿಯವರನ್ನು ಕೈಯಿಂದಲೇ ತಡೆದು ನಿಲ್ಲಿಸಿದೆ. ಮಾಲೀಕ ಬಾಗಿಲಲ್ಲಿ ನಿಂತ. ಹೆಂಡತಿ, ಮಗಳು ಕಿಟಕಿಯ ಬಳಿ. ಬಾಮೈದ ಬೀರುವಿನ ತಲೆಯ ಕಡೆ ಹಿಡಿದು ಓರೆ ಮಾಡಿದ.

"ಭಾವ, ಇನ್ನೂ ಹೊತ್ತು ಮೀರಿಲ್ಲ. ದಿಂಬು ಅಲ್ಲೇ ಇದೆ."

"ಬಾಯಿ ಮುಚ್ಕೊಂಡು ಹಿಡಿಯೋ!"

ಬಗ್ಗಿದೆ. ಬುಡಕ್ಕೆ ಕೈ ಹಾಕಿದೆ. ಉಸಿರು ಬಿಗಿಹಿಡಿದು ಎತ್ತಿದೆ.

ಬೀರು ಅಲ್ಲೇ ಇತ್ತು.

"ನೆಲಕ್ಕೆ ಅಂಟಿಕೊಂಡಿದೆ" ಎಂದೆ. ಮತ್ತೆ ಎತ್ತಿದೆ. ಮುಖಕ್ಕೆ ರಕ್ತ ಏರಿತು, ಕಿವಿಯಲ್ಲಿ ಗುಂಯ್ ಅಂದಿತು, ಬೀರು ಏರಲಿಲ್ಲ. "ಒಳಗೆ ಏನೋ ಬಿಟ್ಟಿದ್ದೀಯ ಕಳ್ಳಾ!" ಎಂದು ಬಾಗಿಲು ತೆಗೆಸಿದೆ. ಒಳಗೆ ಒಂದು ಹ್ಯಾಂಗರ್ ಇತ್ತು, ಒಂದು ನುಸಿಗುಳಿಗೆ ಇತ್ತು. ಎರಡನ್ನೂ ಹೊರಗೆ ತೆಗೆಸಿ ಮತ್ತೆ ಪ್ರಯತ್ನಿಸಿದೆ. ಈ ಸಲ ಸೊಂಟದ ಕಡೆಯಿಂದ ಒಂದು ಸದ್ದು ಬಂತು. ಬೀರುವಿನದಲ್ಲ.

ಕೋಣೆಯಲ್ಲಿ ಯಾರೂ ನಗಲಿಲ್ಲ. ಅದೇ ನನಗೆ ಇನ್ನೂ ಉರಿ. ನಕ್ಕಿದ್ದರೆ ಬೈಯಬಹುದಿತ್ತು.

ಆಗ ಹೆಂಡತಿ ಬಂದಳು. ಕೈ ಒರೆಸಿಕೊಂಡು, "ನೀವು ಸ್ವಲ್ಪ ಸರೀರಿ" ಅಂದಳು. ನಾನು "ಏಯ್, ನಿನಗೆ ತಲೆ ಕೆಟ್ಟಿದ್ಯಾ?" ಅನ್ನುವಷ್ಟರಲ್ಲಿ ಮೊಣಕಾಲು ಮಡಿಚಿ ಬುಡಕ್ಕೆ ಕೈ ಕೊಟ್ಟು, ಹಾಲಿನ ಪಾತ್ರೆ ಇಳಿಸುವವಳ ಹಾಗೆ ತಣ್ಣಗೆ ಎದ್ದು ನಿಂತಳು. ಬೀರು ಅವಳ ಜೊತೆಗೇ ಎದ್ದಿತು.

"ಮುಂದೆ ನಡೀರಿ. ಖಾಲಿ ಕೈಲಿ ಹೋಗ್ಬೇಡಿ, ಆ ದಿಂಬು ತಗೊಳ್ಳಿ."

ತಗೊಂಡೆ. ಏನು ಮಾಡಲಿ, ಬೀರು ಬರುತ್ತಿತ್ತು.

ಮೆಟ್ಟಿಲಲ್ಲಿ ಮೇಲೆ ಬಾಮೈದ, ನಡುವೆ ಬೀರು, ಬುಡದ ಭಾರ ಹೊತ್ತು ಹೆಂಡತಿ, ಅವಳಿಗಿಂತ ಕೆಳಗೆ ದಿಂಬು ಅವುಚಿಕೊಂಡು ಹಿಮ್ಮುಖವಾಗಿ ಇಳಿಯುತ್ತಿರುವ ನಾನು. ತಿರುವಿನಲ್ಲಿ ಅವಳು ನಿಂತಳು.

"ರೀ, ಒಂದು ಮಾತು ಹೇಳ್ಬೇಕು."

"ಈಗ್ಲಾ?"

"ಈಗ್ಲೇ. ಈಗ ನೀವು ಕೂಗಾಡಿದ್ರೆ ನಾನು ಬೆಚ್ಚಿ ಕೈ ಬಿಡ್ತೀನಿ. ಬಿಟ್ರೆ ಇದು ಬರೋದು ನಿಮ್ಮ ಮೇಲೇ. ನಿಮಗೆ ಏನಾದ್ರೂ ಹೇಳೋಕೆ ಇಷ್ಟು ಒಳ್ಳೇ ಹೊತ್ತು ಮತ್ತೆ ಸಿಗಲ್ಲ." ಉಸಿರು ತೆಗೆದುಕೊಂಡಳು. "ನೀವು ಇಷ್ಟು ದಿನ ಎತ್ತಿದ್ದು ಬೆಂಚಿನ ಕೆಳಗಿನ ಗೋಣಿಚೀಲದ ಬಟ್ಟು. ಹೊಟ್ಟೆ ಕೊರೆದಿದ್ದು."

ಬಾಯಿ ತೆರೆದೆ. ಬೀರು ಒಂದು ಗೇಣು ನನ್ನ ಕಡೆಗೆ ವಾಲಿತು. ಬಾಯಿ ಮುಚ್ಚಿದೆ.

"ಯಾಕೆ?" ಎಂದೆ, ಪಿಸುದನಿಯಲ್ಲಿ. ನಾನು ಪಿಸುಗುಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು.

"ನೀವು ಎತ್ತುತ್ತಿದ್ದ ದಿನ ಮನೆ ಎಷ್ಟು ತಣ್ಣಗಿತ್ತು ಗೊತ್ತಾ? ಬೈಯೋಕೆ ನಿಮ್ಮ ಹತ್ರ ಉಸಿರೇ ಉಳೀತಿರಲಿಲ್ಲ. ಬೇಜಾರಾಯ್ತು ಅಂತ ನೀವು ನಿಲ್ಲಿಸಿದ್ರಿ, ಮಗಳು ಮನೇಲಿ ಕೂರೋದನ್ನೇ ನಿಲ್ಲಿಸಿದ್ಳು. ಏನು ಮಾಡ್ಲಿ? ಬೇಜಾರು ಹೋಗ್ಲಿ ಅಂತ ಸ್ವಲ್ಪ ಹಗುರ ಮಾಡಿದೆ."

"ಮತ್ತೆ ಸಾಚಾ ಬಟ್ಟು? ನಾನು ಬೆಳಿಗ್ಗೆ ಪೇಪರ್ ತಗೊಳ್ಳೋಕೆ ಮುಂದಿನ ಕೋಣೆಗೆ ಹೋದಾಗ ಬೆಂಚಿನ ಮೇಲೆ ಅವುಗಳ ಜಾಗ ಖಾಲಿ ಇರ್ತಿತ್ತಲ್ಲ?"

"ಅದಕ್ಕೇ ನೀವು ಏಳೋ ಮೊದಲು ಅವನ್ನ ಅಡುಗೆಮನೆಗೆ ಹೊತ್ತು ಹಾಕ್ತಿದ್ದೆ. ಸುಳ್ಳು ಬಟ್ಟು ಹಿತ್ತಲಿಗೆ. ನೀವು ಸ್ನಾನಕ್ಕೆ ಹೋದ ಕೂಡ್ಲೇ ಸುಳ್ಳಿಂದು ಚೀಲಕ್ಕೆ, ಸಾಚಾದ್ದು ಬೆಂಚಿಗೆ. ದಿನಾ."

"ದಿನಾ?" ನನ್ನ ದನಿ ಅಳುವ ಹಾಗಿತ್ತು. "ನಿನಗೆ ಬೇಜಾರಾಗ್ಲಿಲ್ವಾ?"

"ಬೇಜಾರಾಗೋಕೆ ಪುರುಸೊತ್ತೆಲ್ಲಿತ್ತು? ನೀವು ಏಳೋದ್ರೊಳಗೆ ಮುಗಿಸ್ಬೇಕಿತ್ತಲ್ಲ. ನಡೀರಿ ಈಗ, ಕೈ ಸೋಲ್ತಿದೆ." ಎರಡು ಮೆಟ್ಟಿಲು ಇಳಿದ ಮೇಲೆ ಸಮಾಧಾನ ಹೇಳುವವಳಂತೆ ಸೇರಿಸಿದಳು: "ನಿಮ್ಮ ಮಾತೇನೂ ಸುಳ್ಳಾಗಿಲ್ಲ ಬಿಡಿ. ನಿಮ್ಮ ಕೈಗೆ ಸುಳ್ಳು ತೂಕ ಕೊಡೋ ಗಂಡು ಇನ್ನೂ ಹುಟ್ಟಿಲ್ಲ."

ಮೇಲಿನಿಂದ ಬಾಮೈದ ನಕ್ಕ ನಗುವಿಗೆ ಬೀರುವಿನ ಕನ್ನಡಿ ಅದುರಿತು.

ಲಾರಿಗೆ ಬೀರು ಏರಿತು. ನಾನು ದಿಂಬು ಹಿಡಿದುಕೊಂಡೇ, "ಎಲ್ಲಿ, ನಡಿ ಈಗ. ದಿಂಬು ತಲೆ ಮೇಲೆ ಹೊತ್ಕೊ" ಅಂದೆ.

"ನಾನ್ಯಾಕೆ? ನೀವು ಎತ್ತಲಿಲ್ಲವಲ್ಲ!"

"ಎತ್ತಿದ್ದು ಯಾರು? ನನ್ನ ಹೆಂಡತಿ. ನನ್ನ ಅಂಗಡಿಯ ಬಟ್ಟು ಹೊತ್ತು ಬಲ ಬಂದವಳು. ಅವಳು ಎತ್ತಿದ್ರೆ ನಾನು ಎತ್ತಿದ ಹಾಗೇ!"

"ಎತ್ತಿದ್ದು ನಮ್ಮಕ್ಕ! ಆ ತೋಳು ನಮ್ಮ ಮನೆಯದು. ದಿಂಬಿನ ಭಾವ!"

ನಾನು ಓಗೊಡಲಿಲ್ಲ. ಅವನು ಹೊರಲಿಲ್ಲ. ತೀರ್ಪು ಕೇಳೋಣವೆಂದು ಹೆಂಡತಿಯ ಕಡೆ ತಿರುಗಿದರೆ, ಅವಳು ಲಾರಿಯವರ ಜೊತೆ ಮಂಚ ಇಳಿಸಲು ಮತ್ತೆ ಮೇಲೆ ಹೋಗಿದ್ದಳು.

ಈಗಲೂ ಬೆಳಿಗ್ಗೆ ಎತ್ತುತ್ತೇನೆ. ಇನ್ನು ಮೇಲೆ ಸಾಚಾ ಬಟ್ಟನ್ನೇ ಇಡುತ್ತೇನೆ ಎಂದು ಹೆಂಡತಿ ಮಾತು ಕೊಟ್ಟಿದ್ದಾಳೆ. ಮೊದಲ ಕೆಲವು ದಿನ ಜೀವ ಬಾಯಿಗೆ ಬಂತು. ಆಮೇಲೆ ಒಂದು ಬೆಳಿಗ್ಗೆಯಿಂದ ಯಾಕೋ ಸಲೀಸಾಗಿದೆ. "ಅಪ್ಪಾ, ಒಂದು ಸಲ ತಕ್ಕಡಿಗೆ ಹಾಕಿ ನೋಡಿ" ಅನ್ನುತ್ತಾಳೆ ಮಗಳು. ತಕ್ಕಡಿ ಪಕ್ಕದ ಕೋಣೆಯಲ್ಲೇ ಇದೆ. ನಾನು ಇನ್ನೂ ಹಾಕಿಲ್ಲ.

ಆ ದಿನ ಜಗಳದ ಬಿಸಿಯಲ್ಲಿ ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ಮನೆಗೆ ಬಂದುಬಿಟ್ಟಿದ್ದೆ. ಬಾಮೈದ ಫೋನ್ ಮಾಡಿ, "ಭಾವ, ನಮ್ಮ ದಿಂಬು" ಅನ್ನುತ್ತಾನೆ. "ಬಾ. ತಲೆ ಮೇಲೆ ಹೊತ್ಕೊಂಡು ಹೋಗು" ಅನ್ನುತ್ತೇನೆ. ಹೊತ್ತರೆ ಸೋತ ಹಾಗೆ ಅಂತ ಅವನು ಬರುವುದಿಲ್ಲ. "ಪಾಪ, ನೀವೇ ಕೊಟ್ಟು ಬನ್ನಿ" ಅನ್ನುತ್ತಾಳೆ ಹೆಂಡತಿ. ಹೇಗೆ ಕೊಟ್ಟು ಬರಲಿ? ದಿಂಬು ಹೊತ್ತು ಅವನ ಬೀದಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುವವನು ಆಗ ನಾನೇ ಆಗುತ್ತೇನಲ್ಲ!

ಹಾಗಾಗಿ ದಿಂಬು ಇಲ್ಲೇ ಇದೆ. ಹೆಂಡತಿ ಅದರ ಮೇಲೆ ತಲೆಯಿಟ್ಟು ಹಾಯಾಗಿ ಮಲಗುತ್ತಾಳೆ.